ಮೂರು ಚುಕ್ಕಿಯ ಉಳಿ

ನಾನು ಬಸ್ ಓಡಿಸುತ್ತಿದ್ದೆ, ಚಿತ್ತಯ್ಯ ಟಿಕೆಟ್ ಹರಿಯುತ್ತಿದ್ದ. ರಿಟೈರಾದ ಮೇಲೆ ಚಿತ್ರದುರ್ಗದ ಜನ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಈ ಪುಣ್ಯಾತ್ಮನಿಗೆ ಗುಜರಿ ಅಂಗಡಿಯ ಹುಚ್ಚು ಹಿಡಿಯಿತು. ತುಕ್ಕು ಹಿಡಿದ ಗರಗಸ, ಬಾಚಿ, ಬೈರಿಗೆ ಕಂಡರೆ ಸಾಕು, ನಾನು ಬೈಕ್ ನಿಲ್ಲಿಸಲೇಬೇಕು. ಉಗುರಿನಿಂದ ಕೆರೆದು, ಕಲ್ಲಿಗೆ ತಟ್ಟಿ ಸದ್ದು ಕೇಳಿ, ಯಾವ ಕಾಲದ್ದು, ಯಾರ ಕುಲುಮೆಯದ್ದು ಎಂದು ಹೇಳಿಬಿಡುತ್ತಾನೆ.

ಒಮ್ಮೆ ಮೂರು ಚುಕ್ಕಿ ಗುರುತಿನ ಉಳಿ ದುರ್ಗದಲ್ಲೇ ಸಿಕ್ಕಿತು. ಅದರ ಜೊತೆಯವು ಹಿರಿಯೂರು, ಹೊಸದುರ್ಗದಲ್ಲಿ ಸಿಕ್ಕವು. ಒಬ್ಬನೇ ಕಮ್ಮಾರ ಹೊಡೆದ ನಾಲ್ಕು ಉಳಿಗಳ ಸೆಟ್ಟಂತೆ. ಅರ್ಧ ಇಂಚಿನದೊಂದು ಬಾಕಿ. ಅದಕ್ಕಾಗಿ ಎರಡು ವರ್ಷ ನನ್ನ ಪ್ರಾಣ ತಿಂದ.

ಅವನ ಹೆಂಡತಿ ಅನುಸೂಯಳಿಗೆ ಸಾಕಾಗಿತ್ತು. ಒಂದು ದಿನ ಬೆಳಿಗ್ಗೆ ಅಟ್ಟದಿಂದ ಹಳೇ ಸುತ್ತಿಗೆಯೊಂದು ರಾಗಿಹಿಟ್ಟಿನ ಡಬ್ಬಿಗೆ ಬಿತ್ತು. "ಈ ಮನೇಲಿ ಕಬ್ಬಿಣ ಇರ್ಬೇಕು, ಇಲ್ಲ ನಾನಿರ್ಬೇಕು. ಸಾಯಂಕಾಲದ ಬಸ್ಸಿಗೆ ತಮ್ಮನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ," ಎಂದು ಬ್ಯಾಗ್ ತುಂಬಿದಳು. ಆಡಿದ ಮಾತು ತಪ್ಪುವವಳಲ್ಲ. ಚಿತ್ತಯ್ಯನ ಮುಖ ಬಾಡಿತು. ಆದರೂ ಮಧ್ಯಾಹ್ನ ನನ್ನ ಬೈಕ್ ಹತ್ತಿದ, ಗೂಬೆ! ಹೊಳಲ್ಕೆರೆಯ ಉಮರ್ ಸಾಹೇಬರ ಗುಜರಿಗೆ ಹಳೇ ಸಾಮಾನು ಬಂದಿತ್ತು.

ಅಲ್ಲಿ ಸೈಕಲ್ ಚೈನುಗಳ ರಾಶಿಯಡಿ ಒಂದು ತುಕ್ಕಿನ ತುಂಡು. ಕೆರೆದ. ಒಂದು ಚುಕ್ಕಿ. ಎರಡು. ಮೂರು! ಚಿತ್ತಯ್ಯ ಉಮರ್ ಸಾಹೇಬರನ್ನು ತಬ್ಬಿಕೊಂಡು ಕುಣಿದ. ತಡೆಯಲಾಗದೆ ನಾನೂ ಕುಣಿದೆ. ಏನಾದರೂ ಮೊದಲು ಹೆಂಡತಿಗೇ ಹೇಳುವುದು ಅವನ ಮೂವತ್ತು ವರ್ಷದ ಅಭ್ಯಾಸ. "ಉಳಿ ಸಿಕ್ತು" ಎಂದು ಮೆಸೇಜ್ ಮಾಡಲು ಹೋಗಿ, ಅವಸರದಲ್ಲಿ "ಉಳಿ" ಎಂದಷ್ಟೇ ಕಳಿಸಿಬಿಟ್ಟ. ಬೆಳಗಿನ ಜಗಳ ನೆನಪಾದದ್ದು ಆಮೇಲೆ.

"ಲೇ ಶಿವಯ್ಯ, ಕೆಟ್ಟೆ ಕಣಲೇ! ಇದನ್ನ ಅಳಿಸೋದು ಹೆಂಗೆ?"

"ಆಕೆ ಓದಿ ಆಗೈತೆ. ನಡಿ, ಬಸ್‌ಸ್ಟ್ಯಾಂಡಿಗೆ ಹೋಗಾಣ."

ಬೈಕ್ ಓಡಿಸಿದೆನೋ ಹಾರಿಸಿದೆನೋ ಗೊತ್ತಿಲ್ಲ. ದುರ್ಗ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು. ಸೋತ ಮುಖದಲ್ಲಿ ಮನೆಗೆ ಬಂದರೆ ಬಾಗಿಲು ತೆಗೆದಿದೆ, ಒಳಗೆ ಪಾಯಸಕ್ಕೆ ಹೆಸರುಬೇಳೆ ಬೇಯುತ್ತಿದೆ! ಅನುಸೂಯ ಕಣ್ಣೊರೆಸಿಕೊಳ್ಳುತ್ತಾ ಬಂದಳು.

"ಸೀಟಲ್ಲಿ ಕುಂತಿದ್ದೆ ಕಣ್ರಿ, ನಿಮ್ಮ ಮೆಸೇಜ್ ಬಂತು. ಒಂದೇ ಮಾತು, ಉಳಿ! ಇಷ್ಟು ವರ್ಷದಾಗೆ ಒಂದಿನನಾದ್ರೂ ಹಿಂಗಂದಿದ್ರಾ? ಇಳಿದು ಬಂದ್ಬಿಟ್ಟೆ."

ನಾನು ಕೆಮ್ಮಿದೆ, ಕಣ್ಣು ಹೊಡೆದೆ, ಅವನ ಕಾಲು ತುಳಿದೆ. ಚಿತ್ತಯ್ಯನಿಗೆ ಸುಳ್ಳು ಬರುವುದಿಲ್ಲ. ಜೇಬಿನಿಂದ ಉಳಿ ತೆಗೆದು ಆಕೆಯ ಮುಂದೆ ಹಿಡಿದ.

"ನಾ ಬರೆದಿದ್ದು ಈ ಉಳಿ ವಿಷಯ."

ಆಕೆ ಉಳಿ ನೋಡಿದಳು, ಫೋನ್ ನೋಡಿದಳು.

"ಹಂಗಾದ್ರೆ ನಾನು ಹೋಗ್ಲಾ?"

"ಬ್ಯಾಡ ಅನುಸೂಯಾ," ಎಂದ ಅವನು. "ನೀನು ಉಳಿ."

ಆಕೆ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಉಳಿ ಕಿತ್ತುಕೊಂಡು, ತಿಕ್ಕಿ ತೊಳೆದು, ಬೆಲ್ಲದ ಅಚ್ಚಿನ ಮೇಲಿಟ್ಟು ಒಂದೇಟು ಹಾಕಿದಳು.

"ಚೆನ್ನಾಗೈತೆ. ಇದು ಇನ್ಮೇಲೆ ಅಡುಗೆಮನೇದು."

ಚಿತ್ತಯ್ಯನ ಪೆಟ್ಟಿಗೆಯಲ್ಲಿ ಇವತ್ತಿಗೂ ಮೂರೇ ಉಳಿ.