ಕಸುಬಿನ ಕಾಲಂನಲ್ಲಿ ನಾನೆಳೆದ ಗೀಟು

ಕೊರೋನಾ ಕಳೆದ ಮರುವರ್ಷ ನಾನು ಚನ್ನಪಟ್ಟಣದಲ್ಲಿ ಕರಕುಶಲ ವಿಸ್ತರಣಾಧಿಕಾರಿಯಾಗಿದ್ದೆ. ಗೊಂಬೆ ಮಾಡುವವರಿಗೆ ಕುಶಲಕರ್ಮಿ ಕಾರ್ಡ್ ಕೊಡಿಸುವುದು, ಸರ್ಕಾರ ಕಟ್ಟಿಸಿದ ವರ್ಕ್‌ಶೆಡ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹುಟ್ಟಿದ್ದು ದೊಡ್ಡಆಲಹಳ್ಳಿ ಕಡೆಯ ಬೇಸಾಯದ ಮನೆಯಲ್ಲಿ. ಬಾಯಿ ಒಸಿ ಜೋರು. ಕಚೇರಿಯಲ್ಲಿ ಬೆನ್ನ ಹಿಂದೆ ನನಗೇನು ಹೆಸರಿಟ್ಟಿದ್ದರು ಅನ್ನುವುದು ಗೊತ್ತು, ಇಲ್ಲಿ ಬೇಡ.

ಒಂದು ದಿನ ಜರೀನಾ ಎಂಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. ಗಂಡ ರಹಮತ್ ತೀರಿಕೊಂಡು ಮೂರು ತಿಂಗಳಾಗಿತ್ತು. ಶೆಡ್ಡು, ಅದರೊಳಗಿನ ಲೇತ್ ಯಂತ್ರ ಎರಡೂ ಆತನ ಹೆಸರಿನಲ್ಲಿದ್ದವು. ಶೆಡ್ಡು ಪಡೆದವರು ಸತ್ತರೆ, ಮನೆಯಲ್ಲಿ ಕಾರ್ಡ್ ಇರುವ ಇನ್ನೊಬ್ಬರಿದ್ದರೆ ಅದು ಅವರಿಗೆ. ಇಲ್ಲದಿದ್ದರೆ ಕಾಯುವ ಪಟ್ಟಿಯಲ್ಲಿರುವ ಮುಂದಿನವರಿಗೆ. ಇದು ನಿಯಮ. ಆಕೆ ಕಾರ್ಡಿಗೆ ಹಾಕಿದ್ದ ಅರ್ಜಿ, ಕಸುಬು ದಾಖಲಾಗಿಲ್ಲ ಎಂದು ತಿರಸ್ಕಾರವಾಗಿತ್ತು. ಶೆಡ್ಡು ಕೈಬಿಟ್ಟರೆ ಆಕೆಗೂ ಇಬ್ಬರು ಹೆಣ್ಣುಮಕ್ಕಳಿಗೂ ಅನ್ನಕ್ಕೆ ಬೇರೆ ದಾರಿ ಇರಲಿಲ್ಲ.

ಫೈಲು ತರಿಸಿದೆ. ಹಿಂದೊಮ್ಮೆ ಮಾಡಿದ ಮನೆ ಸರ್ವೆಯಲ್ಲಿ ಜರೀನಾ ಹೆಸರಿನ ಮುಂದೆ, ಕಸುಬು ಎಂಬ ಕಾಲಂನಲ್ಲಿ, ಬರೀ ಒಂದು ಅಡ್ಡಗೀಟು. ಕೆಳಗೆ ಸಹಿ ನನ್ನದೇ. ಬಾಗಿಲಲ್ಲೇ ನಿಂತು, "ನೀವೇನು ಕೆಲಸ ಮಾಡ್ತೀರಮ್ಮ?" ಅಂದಿದ್ದೆ. "ಏನೂ ಇಲ್ಲ ಮೇಡಂ, ಮನೇಲೇ ಇರ್ತೀನಿ" ಅಂದಿದ್ದಳು. ಆಗ ಆಕೆಯ ಬೆರಳ ತುದಿಗೆಲ್ಲ ಕೆಂಪು ಅರಗು ಮೆತ್ತಿತ್ತು. ಕಣ್ಣಾರೆ ಕಂಡೂ ಗೀಟೆಳೆದು ಮುಂದಿನ ಮನೆಗೆ ಹೋಗಿದ್ದೆ. ಅದು ನೆನಪಾಗಿ ನನ್ನ ಮೇಲೆ ನನಗೇ ಮೈಯೆಲ್ಲ ಉರಿದುಹೋಯಿತು.

ಅಲ್ಲಿಯ ಕೆಲಸದ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಗಂಡಸರು ಆಲೆ ಎಂಬ ಮೆದು ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಕೇದಗೆ ಗರಿಯಿಂದ ತೀಡಿದರೆ ಹೊಳಪು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಈ ಬಣ್ಣ, ಹೊಳಪು ಹೆಂಗಸರ ಪಾಲು. ಆದರೆ ಅದನ್ನು ಯಾರೂ ಕಸುಬು ಅನ್ನುತ್ತಿರಲಿಲ್ಲ, ಆ ಹೆಂಗಸರೂ ಅನ್ನುತ್ತಿರಲಿಲ್ಲ. ಪಾತ್ರೆ ತೊಳೆದ ಹಾಗೆ ಅದೂ ಒಂದು.

ಜರೀನಾಳ ಕೈಕೆಲಸವನ್ನು ಪರೀಕ್ಷೆ ಮಾಡಿಸಿ ಎಂದು ಮೇಲಧಿಕಾರಿಯನ್ನು ಕೇಳಿದೆ. "ಮಾಡಿಸೋಣ. ಆದರೆ ಮರದ ತುಂಡಿನಿಂದ ಹಿಡಿದು ಹೊಳಪಿನವರೆಗೆ ಒಬ್ಬರೇ ಮಾಡಬೇಕು. ರೂಲ್ ಅಂದರೆ ರೂಲ್" ಅಂದರು. ಜರೀನಾಗೆ ತಿಳಿಸಿದರೆ ಮುಖ ಸಣ್ಣಗಾಯಿತು.

"ಉಳಿ ಮುಟ್ಟೇ ಇಲ್ಲ ಮೇಡಂ, ಅದು ಗಂಡಸ್ರದ್ದು. ಬುಟ್ಬುಡಿ."

"ಬುಡಾಕಿಲ್ಲ. ನೀನು ಬಾ," ಅಂದೆ.

ಪರೀಕ್ಷೆಯ ದಿನವೇ ಐದು ಜನ ಗಂಡಸರ ಕಾರ್ಡ್ ನವೀಕರಣವೂ ಇತ್ತು. ಅವರು ಮನೆಯಿಂದ ತಯಾರಾದ ಗೊಂಬೆ ತಂದು ತೋರಿಸಿದರೆ ಮುಗಿಯಿತು, ಮೊದಲಿನಿಂದ ಹಾಗೇ ನಡೆದಿತ್ತು. "ಸರ್, ರೂಲ್ ಎಲ್ಲರಿಗೂ ಒಂದೇ ತಾನೆ? ಇವರೂ ಇಲ್ಲೇ ಪೂರ್ತಿ ಮಾಡಿ ತೋರಿಸಲಿ" ಅಂದೆ. ತಾವೇ ಆಡಿದ ಮಾತು, ಇಲ್ಲ ಅನ್ನಲಾಗದೆ ಸಾಹೇಬರು ಒಪ್ಪಿದರು.

ಐವರೂ ಬುಗುರಿಯನ್ನು ಸೊಗಸಾಗಿ ಕಡೆದರು, ಅದರಲ್ಲಿ ಎರಡು ಮಾತಿಲ್ಲ. ಬಣ್ಣಕ್ಕೆ ಬಂದಾಗ ನೋಡಬೇಕಿತ್ತು ಫಜೀತಿ. ಒಬ್ಬ ಜೋರಾಗಿ ಒತ್ತಿದ್ದಕ್ಕೆ ಅರಗು ಕರಕಾಯಿತು. ಇನ್ನೊಬ್ಬನದು ತೇಪೆ ತೇಪೆ. ವಿರೂಪಾಕ್ಷಿಪುರದ ಕಡೆಯ ಪುಟ್ಟಸ್ವಾಮಿ ಐವರಲ್ಲಿ ಹಿರಿಯ, ತಲೆ ನರೆಯುವವರೆಗೂ ಉಳಿ ಹಿಡಿದವನು. ತನ್ನ ಬುಗುರಿಯನ್ನು ಹೊರಳಿಸಿ ನೋಡಿ ಕೆಳಗಿಟ್ಟ.

"ಮುಚ್ಚಿಟ್ಟು ಏನ್ ಮಾಡಾದು ಸಾ? ಬಣ್ಣ ಹಾಕೋದು ನಮ್ಮನೇವ್ಳು. ನಂಗೆ ಬರಾಕಿಲ್ಲ."

ಉಳಿದವರು ತಲೆ ತಗ್ಗಿಸಿ ನಕ್ಕರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಜರೀನಾಳನ್ನು ಮುಂದಕ್ಕೆ ಕರೆದೆ.

ಪುಟ್ಟಸ್ವಾಮಿಯೇ ಇನ್ನೊಂದು ಬುಗುರಿ ಕಡೆದು ಜರೀನಾಗೆ ಜಾಗ ಬಿಟ್ಟ. ಆಕೆ ಅರಗಿನ ಕಡ್ಡಿ ಕೈಗೆತ್ತಿಕೊಂಡಳು. ಲೇತ್ ತಿರುಗಿದ್ದೇ ಕಡ್ಡಿ ಒತ್ತಿದಳು. ಹಳದಿ ಬಣ್ಣ ಒಂದೇ ಹದದಲ್ಲಿ ಹರಡಿಕೊಂಡಿತು, ನಡುವೆ ಕೂದಲೆಳೆಯಷ್ಟು ಕೆಂಪು ಗೆರೆ. ಗರಿಯಿಂದ ತೀಡಿ ಕೊಟ್ಟಳು. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಯಾವಾಗಿಂದ ಮಾಡ್ತಿದ್ದೀರಮ್ಮ?" "ಮದುವೆ ಆದಾಗಿಂದ ಸಾರ್."

ಐವರ ಕಾರ್ಡನ್ನೂ ತಡೆಯಲಿಲ್ಲ, ತಡೆಯಿರಿ ಎಂದು ನಾನೂ ಹೇಳಲಿಲ್ಲ. ಬಣ್ಣದ ಕೆಲಸವನ್ನೂ ಪ್ರತ್ಯೇಕ ಕುಶಲತೆ ಎಂದು ಪರಿಗಣಿಸಬೇಕು, ಅಲ್ಲಿಯವರೆಗೆ ಆ ಶೆಡ್ಡನ್ನು ಯಾರಿಗೂ ಕೊಡಬಾರದು ಎಂದು ಸಾಹೇಬರೇ ಮೇಲಕ್ಕೆ ಬರೆದರು. ನಾನು ಜಿಗಣೆ ಹಾಗೆ ಹಿಂದೆ ಬಿದ್ದೆ. ಏಳನೇ ತಿಂಗಳಿಗೆ ಆದೇಶ ಬಂತು, ಜರೀನಾಗೆ ಕಾರ್ಡ್ ಸಿಕ್ಕಿ ಶೆಡ್ಡು ಆಕೆಯ ಹೆಸರಿಗಾಯಿತು. ಈಗ ಕಡೆಯುವುದಕ್ಕೆ ಒಬ್ಬರನ್ನು ಇಟ್ಟುಕೊಂಡು ತಾನೇ ನಡೆಸುತ್ತಿದ್ದಾಳೆ.

ಅಸಮಾನತೆ ಅಂದರೆ ಬಂಗಲೆಗೂ ಗುಡಿಸಲಿಗೂ ಇರುವ ಅಂತರ ಎಂದು ಸಭೆಗಳಲ್ಲಿ ನಾನೂ ಭಾಷಣ ಬಿಗಿದವಳೇ. ಒಂದೇ ಸೂರಿನ ಕೆಳಗೆ, ಒಂದೇ ಗೊಂಬೆಗೆ ದುಡಿದ ಇಬ್ಬರಲ್ಲಿ ಒಬ್ಬರು ಕುಶಲಕರ್ಮಿ, ಇನ್ನೊಬ್ಬರು ಏನೂ ಅಲ್ಲ. ಹಾಗಾಗಲು ನನ್ನ ಪೆನ್ನಿನ ಒಂದು ಗೀಟೇ ಸಾಕಾಗಿತ್ತು. ನೌಕರಿ ನನಗೆ ಕಲಿಸಿದ್ದು ಅದು, ತಡವಾಗಿ ಕಲಿಸಿತು.

ಆದೇಶ ಬಂದ ವಾರವೇ ಪುಟ್ಟಸ್ವಾಮಿ ಹೆಂಡತಿಯನ್ನು ಕರೆದುಕೊಂಡು ಬಂದ, ಕಾರ್ಡಿನ ಅರ್ಜಿಗೆ. ಕಸುಬು ಏನೆಂದು ಬರೆಯಲಿ ಎಂದು ಕೇಳಿದೆ. ಆತ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು:

"ಬಣ್ಣದ ಕೆಲ್ಸ ಅಂತ ಬರ್ಕೊಳಿ ಮೇಡಂ. ಇವ್ರು ಒಸಿ ಮರ ಕೆರೀತಾರೆ, ಅಷ್ಟೆ."