ತೊರೆಯಂಚಿನ ಹಾರ್ಲನ್
ಉತ್ತರ ಕ್ಯಾರೊಲೈನಾದ ಹಾರ್ಲನ್ ಸ್ಟ್ರೌಡ್ ತನ್ನ ಹಳೆಯ ತಂಬಾಕಿನ ಹೊಲದ ತೊರೆಯಂಚಿಗೆ ಸಿಕಮೋರ್ ಮರದ ಗಿಡಗಳನ್ನು ನೆಟ್ಟ ಮೇಲೆ, ಜೇಬಿನಲ್ಲಿ ಅಳತೆ ಟೇಪು ಇಲ್ಲದೆ ಚರ್ಚಿಗೂ ಹೋದವನಲ್ಲ. ತೊರೆಯಂಚಿನಲ್ಲಿ ಕಾಡು ಬೆಳೆಸಿದವರಿಗೆ ಸರ್ಕಾರ ಕ್ರೆಡಿಟ್ ಎಂಬ ಮಾರಬಹುದಾದ ಪತ್ರ ಕೊಡುತ್ತದೆ, ಬೇರೆಡೆ ತೊರೆಯ ದಂಡೆ ಅಗೆಯುವ ಬಿಲ್ಡರುಗಳು ಅದಕ್ಕೆ ಪರಿಹಾರವಾಗಿ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ನಿಯಮ ಮಾತ್ರ ಆಗಾಗ ಬದಲು. ಕಾಡಿನ ಪಟ್ಟಿ ಐವತ್ತು ಅಡಿ ಅಗಲವಿದ್ದರೆ ಸಾಕೆಂದರು, ಆಮೇಲೆ ಸಾಲದೆಂದರು. ಅವನು ಬೇಲಿ ಕಿತ್ತು ಹಿಂದಕ್ಕೆ ಹಾಕಿದ. ಜಿಂಕೆಗಳಿಗೆ ಬೈಯುತ್ತ, ಗಿಡಗಳನ್ನು "ಏನ್ರಪ್ಪಾ, ನಿದ್ದೆ ಬಂತಾ?" ಎಂದು ವಿಚಾರಿಸುತ್ತ ತಿರುಗುವನು, ಎಲೆಗೆ ಹುಳ ಬಿದ್ದರೆ ಅವನಿಗೆ ಊಟ ಸೇರದು. ಈ ಬೇಸಿಗೆಯಲ್ಲಿ ಪರಿಶೀಲನೆಗೆ ಬಂದ ಅಧಿಕಾರಿ ಕೋರಿನ್ ತಲೆ ತಗ್ಗಿಸಿ ಹೇಳಿದಳು: "ಹೊಸ ನಿಯಮ ಬಂದಿದೆ, ಹಾರ್ಲನ್ ಅವ್ರೇ. ಬೇಸಿಗೇಲಿ ಬತ್ತೋ ತೊರೆ ಲೆಕ್ಕಕ್ಕಿಲ್ಲ, ಕ್ರೆಡಿಟ್ ಸಿಗಲ್ಲ. ಬೇಕಾದ್ರೆ ಕಡ್ದು ಉತ್ಕೊಳ್ಳಿ." "ಒಂದ್ಸಲ ಕಡ್ದಿದೀನಮ್ಮಾ," ಎಂದ ಹಾರ್ಲನ್. ಮದುವೆಯಾದ ವರ್ಷ, ಇನ್ನೆರಡು ಸಾಲು ತಂಬಾಕಿನ ಆಸೆಗೆ, ಹೆಂಡತಿ ವರ್ನಾ ಬೇಡವೆಂದು ಅತ್ತರೂ ಕೇಳದೆ ದಂಡೆಯ ಮರಗಳನ್ನೆಲ್ಲ ಉರುಳಿಸಿದವನು ಅವನೇ. ತೀರಿಕೊಳ್ಳುವವರೆಗೂ ಅವಳು ಮತ್ತೆ ಆ ತೊರೆಯ ಕಡೆ ಕಾಲಿಡಲಿಲ್ಲ. ಕೋರಿನ್‌ಳ ಕಾರು ಹೊರಟ ಮೇಲೆ ಅವನು ಮನೆಯ ಬಾವಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದು, ಬಾಡಿದ ಗಿಡಗಳ ಬುಡಕ್ಕೆ ಒಂದೊಂದಾಗಿ ಹೊಯ್ಯತೊಡಗಿದ.