ಸಿದ್ದಕ್ಕ ಬೇಡವೆಂದ ಬಂದೂಕು

ದ್ಯಾಮಪ್ಪ ಹೊಸ ಬಂದೂಕು ಕೊಳ್ಳುತ್ತಾನಂತೆ ಎಂಬ ಸುದ್ದಿ ಸಾಂಬ್ರಾಣಿ ಊರಲ್ಲಿ ಹಬ್ಬಿದ ದಿನದಿಂದ ಸಿದ್ದಕ್ಕನಿಗೆ ಅನ್ನ ಗಂಟಲಲ್ಲಿ ಇಳಿಯಲೊಲ್ಲದು. ಓಣಿಯವರು ಅದಕ್ಕೆ ತಮಗೆ ತೋಚಿದ ಕಾರಣ ಕಟ್ಟಿದರು. ದುಡ್ಡು ಹೋಗುತ್ತದೆಂದು ಹೊಟ್ಟೆ ಉರಿಸಿಕೊಳ್ಳುತ್ತಾಳೆ ಎಂದರು. ಗಂಡ ದ್ಯಾಮಪ್ಪನೂ ಹಾಗೆಯೇ ತಿಳಿದ. ನಿವೃತ್ತಿಯಾದಾಗ ಮಿಲ್ಲಿನಿಂದ ಬಂದ ಗಂಟನ್ನು ಬ್ಯಾಂಕಿನಲ್ಲಿಟ್ಟು ದಿನಾ ಊದಿನಕಡ್ಡಿ ಬೆಳಗುವವಳು ಇವಳು ಎಂದು ಕಟ್ಟೆಯ ಮೇಲೆ ಕುಳಿತು ನಕ್ಕ. ಸಿದ್ದಕ್ಕ ಯಾವುದನ್ನೂ ಅಲ್ಲಗಳೆಯಲಿಲ್ಲ. ಜಿಪುಣಿ ಎನ್ನಿಸಿಕೊಂಡರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಅವಳ ಹೆದರಿಕೆಯೇ ಬೇರೆ ಇತ್ತು, ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ದ್ಯಾಮಪ್ಪನ ಅಪ್ಪ ಲಗಮಪ್ಪ ಕಲಘಟಗಿ ಕಡೆಯಿಂದ ಬಂದು ಕಾಡಿನ ಅಂಚಿಗೆ ಹೊಲ ಮಾಡಿದವನು. ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸು, ಅದರ ಜೊತೆಗೊಂದು ನಾಡಬಂದೂಕು, ಎರಡೂ ಅಪ್ಪನಿಂದ ಮಗನಿಗೆ ಬಂದವು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದ ಕಡ್ಡಿಯಿಂದ ಜಡಿದು, ಮೇಲೆ ಸೀಸದ ಚರೆ ಹಾಕಬೇಕು. ಹಿಂದಿನ ಪುಟ್ಟ ತೂತಿನ ಮೇಲೆ ಬಡಿದರೆ ಸಿಡಿಯುವ ಕೇಪು ಕೂರಿಸಬೇಕು. ಕುದುರೆ ಎಂಬ ಕೊಕ್ಕೆ ಬಡಿದು ಕೇಪು ಸಿಡಿದರೆ ಕಿಡಿ ತೂತಿನಿಂದ ಇಳಿದು ಮದ್ದಿಗೆ ಹತ್ತಬೇಕು. ಆಗ ಢಂ. ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ಬಂದೂಕನ್ನು ದ್ಯಾಮಪ್ಪ ಮಗುವಿನಂತೆ ಒರೆಸಿ ಇಡುತ್ತಿದ್ದ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುವ ನೂರಾರು ಜನರಲ್ಲಿ ಅವನೂ ಒಬ್ಬನಾಗಿದ್ದ, ಅಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. ಊರಿನಲ್ಲಿ ಮಾತ್ರ ಅವನು ಬಂದೂಕಿನ ದ್ಯಾಮಣ್ಣ. ಹಾಗೆಂದು ಯಾರಾದರೂ ಕೂಗಿದರೆ ಮೀಸೆ ತಾನಾಗಿ ಮೇಲೇಳುತ್ತಿತ್ತು. ನಿವೃತ್ತನಾಗಿ ಹೊಲಕ್ಕೆ ಬಂದು ನೆಲೆಸಿದ ಮೇಲಂತೂ ಆ ಹೆಸರೊಂದೇ ಅವನ ಆಸ್ತಿ.

ಈ ಮಳೆಗಾಲದಲ್ಲಿ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ನಡೆದದ್ದು ಇಷ್ಟು. ಸಂಜೆ, ತುಂತುರು ಮಳೆ. ಸಿದ್ದಕ್ಕ ಬದುವಿನ ಮೇಲೆ ಹುಲ್ಲು ಕೊಯ್ದು ಹೊರೆ ಕಟ್ಟುತ್ತಿದ್ದಳು. ಕೈಗೆ ಅಡ್ಡಬರುತ್ತದೆಂದು ತಲೆಯ ಮೇಲಿನ ಕರಿ ಕಂಬಳಿಯನ್ನು ತೆಗೆದು ಪಕ್ಕದ ಬೇಲಿಗೆ ಹಾಕಿ ಬಗ್ಗಿದ್ದಳು. ಕಾವಲು ಗುಡಿಸಿಲಿನ ಕಡೆಯಿಂದ ಢಂ ಎಂದಿತು. ಕಂಬಳಿ ಯಾರೋ ಜಗ್ಗಿದಂತೆ ಅಲುಗಾಡಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿ ನೋಡಿದಾಗ ಬೆರಳು ತೂರುವ ತೂತುಗಳು ಇದ್ದವು. ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ದ್ಯಾಮಪ್ಪ ದೂರದಿಂದಲೇ ಹಂದಿಗೆ ಬಿತ್ತು, ಬಿದ್ದು ಎದ್ದು ಓಡಿತು ಎಂದು ಕೂಗುತ್ತ ಪಕ್ಕದ ಹೊಲದ ಜ್ಯೋತಿಬಾನನ್ನು ಕರೆಯುತ್ತಿದ್ದ. ರಾತ್ರಿಯ ಹೊತ್ತಿಗೆ ಹಂದಿ ಎಮ್ಮೆಯಷ್ಟು ದೊಡ್ಡದಾಗಿತ್ತು. ಮರುದಿನ ಕಟ್ಟೆಯ ಮೇಲೆ ಅದಕ್ಕೆ ಕೋರೆಗಳೂ ಬಂದವು.

ಸಿದ್ದಕ್ಕ ಕಂಬಳಿಯನ್ನು ಮಡಚಿ ಅಟ್ಟದ ಮೇಲೆ ಹಾಕಿದಳು. ಏನೆಂದು ಹೇಳುವುದು? ನೀವು ಹೊಡೆದ ಹಂದಿ ನನ್ನ ಕಂಬಳಿ ಎಂದರೆ ಇಡೀ ಓಣಿ ನಗುತ್ತಿತ್ತು, ಆ ಹೆಸರಿನ ಜೊತೆಗೆ ಮನುಷ್ಯನೂ ಮುರಿದು ಬೀಳುತ್ತಿದ್ದ. ಕಣ್ಣು ತೋರಿಸಿಕೊಳ್ಳಿ ಎಂದು ಮೊದಲೇ ಹೇಳಿ ನೋಡಿದ್ದಳು. ಕಣ್ಣಿಗೇನಾಗಿದೆ ಎಂದು ಅವನು ತಾಟನ್ನು ದೂಡಿ ಎದ್ದುಹೋಗಿದ್ದ. ಹೇಳದೆ ಬಿಟ್ಟರೂ ಎದೆ ಸುಮ್ಮನಿರಲಿಲ್ಲ. ಜ್ಯೋತಿಬಾ ಹಗಲು ರಾತ್ರಿ ಎನ್ನದೆ ನೀರು ತಿರುಗಿಸಲು ಇವರ ಬದುವಿನ ಮೇಲೇ ಓಡಾಡುವವನು. ಅವನ ಹೆಗಲ ಮೇಲೂ ಅಂಥದೇ ಕರಿ ಕಂಬಳಿ ಇರುತ್ತಿತ್ತು. ಹೊಲದ ಕಡೆಯಿಂದ ಸದ್ದು ಬಂದರೆ ಇವತ್ತು ಅದು ಯಾರಿಗೆ ಬಿತ್ತೋ ಎಂದು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಓಡುವುದು ಅವಳಿಗೆ ರೂಢಿಯಾಯಿತು.

ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಆ ಕಡೆಯ ಹಳೆಯ ಹೆಂಗಸರಂತೆ ಅವಳೂ ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಇಡುವವಳು. ಗಂಡ ಮಧ್ಯಾಹ್ನ ಅಡ್ಡಾದಾಗ ಮೇಣದ ಡಬ್ಬಿಯಿಂದ ಕುಂಕುಮ ಹತ್ತಿದ ಒಂದು ಚೂರು ತೆಗೆದು, ಬಂದೂಕಿನ ಕೇಪು ಕೂರುವ ತೂತಿನೊಳಗೆ ಸೂಜಿಯಿಂದ ಒತ್ತಿದಳು. ಕೇಪು ಸಿಡಿಯುತ್ತದೆ, ಕಿಡಿ ಒಳಗೆ ಇಳಿಯುವುದಿಲ್ಲ. ಹಿಂದೆಯಾದರೆ ದ್ಯಾಮಪ್ಪ ಮದ್ದು ತುಂಬುವ ಮೊದಲು ತೂತನ್ನು ಬೆಳಕಿಗೆ ಹಿಡಿದು ತಂತಿ ಹಾಕಿ ನೋಡುತ್ತಿದ್ದ. ಈಗ ಬೆರಳಿನಿಂದ ತಡವಿ ಸರಿಯಿದೆ ಎಂದು ಬಿಡುತ್ತಿದ್ದ. ಅದನ್ನು ನೋಡಿದಾಗ ಅವಳಿಗೆ ಅಳುವೂ ಬಂತು, ಧೈರ್ಯವೂ ಬಂತು.

ಬಂದೂಕು ಟಪ್ ಎಂದು ಸುಮ್ಮನಾಗತೊಡಗಿತು. ದ್ಯಾಮಪ್ಪ ಮೊದಲು ಮಳೆಯ ತೇವವನ್ನು ಬೈದ, ಆಮೇಲೆ ಕೇಪು ಮಾರಿದವನನ್ನು ಬೈದ. ಪಟಾಕಿ ಹಚ್ಚಿ, ಡಬ್ಬಿ ಬಡಿದು ಹಂದಿ ಓಡಿಸುವ ಕೆಲಸ ಜ್ಯೋತಿಬಾನ ಪಾಲಿಗೆ ಬಂತು. ಸಿದ್ದಕ್ಕ ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಮಲಗಿದಳು. ತಾನು ಮಾಡಿದ್ದರಿಂದ ಇನ್ನೇನಾದೀತು ಎಂದು ಅವಳು ಯೋಚಿಸಿರಲೇ ಇಲ್ಲ.

ಒಂದು ಮುಂಜಾನೆ ಹಳ್ಳದ ದಂಡೆಯಲ್ಲಿ ಮರಿಗಳಿದ್ದ ಹೆಣ್ಣುಹಂದಿ ಎದುರಾಯಿತು. ದ್ಯಾಮಪ್ಪ ಕೈಯಲ್ಲಿ ಬಂದೂಕಿದೆಯೆಂಬ ಭರವಸೆಯಿಂದ ಕದಲದೆ ನಿಂತ. ಮೈಮೇಲೆ ಬರುವ ಕಪ್ಪನ್ನು ಹತ್ತಿರಕ್ಕೆ ಬರಗೊಟ್ಟು ಕುದುರೆ ಎಳೆದ. ಟಪ್ ಎಂದಿತು, ಅಷ್ಟೆ. ಹಂದಿ ಅವನನ್ನು ಕೆಡವಿ ತೊಡೆ ಸೀಳಿತು. ಜ್ಯೋತಿಬಾ ಸಲಿಕೆ ಹಿಡಿದು ಬೊಬ್ಬೆ ಹಾಕುತ್ತ ಓಡಿಬರದಿದ್ದರೆ ಮುಂದಿನ ಕಥೆ ಹೇಳಲು ಅವನೇ ಇರುತ್ತಿರಲಿಲ್ಲ. ದವಾಖಾನೆಯಲ್ಲಿ ಹೊಲಿಗೆ ಹಾಕುವಾಗ ಅವನು ನೋವಿಗೆ ಅಳಲಿಲ್ಲ. ಅಪ್ಪನ ಬಂದೂಕು ಕೈಕೊಟ್ಟಿತಲ್ಲ ಎಂದು ಅತ್ತ. ಸಿದ್ದಕ್ಕ ಗೋಡೆ ಹಿಡಿದು ನಿಂತಿದ್ದಳು. ಕೈಕೊಟ್ಟವಳು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು.

ಗಾಯ ಮಾಯುವ ಹೊತ್ತಿಗೆ ಅವನು ತೀರ್ಮಾನ ಮಾಡಿಬಿಟ್ಟಿದ್ದ.

"ಕೈಕೊಟ್ಟ ಬಂದೂಕ ಇಟ್ಕೊಂಡು ಏನ ಮಾಡ್ಲಿ? ಈ ಸಲ ತುಟ್ಟೀದ ಆಗ್ಲಿ, ಚಲೋದ ತಗೋತೇನಿ," ಎಂದ.

ಆ ಮಧ್ಯಾಹ್ನವೇ ಸಿದ್ದಕ್ಕ ಮೇಣ ತೆಗೆದುಬಿಡೋಣವೆಂದು ಕುಳಿತಳು. ಬಂದೂಕು ಮೊದಲಿನಂತಾದರೆ ಹೊಸದು ಬೇಡವೆಂದಾನು, ಕಣ್ಣಿನ ಮಾತು ಆಮೇಲೆ ಆಡಿದರಾಯಿತು ಎಂಬ ಲೆಕ್ಕ. ಕೇಪಿನ ಕರಿ ಕೂತು ಮೇಣ ಗಟ್ಟಿಯಾಗಿತ್ತು. ಅವಸರದಲ್ಲಿ ಒತ್ತಿದ್ದಕ್ಕೆ ಸೂಜಿಯ ಮೊನೆ ಮುರಿದು ಒಳಗೇ ಉಳಿಯಿತು. ಕೈಯಲ್ಲಿ ಉಳಿದ ಅರ್ಧ ಸೂಜಿಯನ್ನು ಅವಳು ಒಲೆಗೆ ಎಸೆದಳು. ಹಳೆಯ ಬಂದೂಕು ಕೊಟ್ಟು ಹೊಸದು ತರಲು ಅವನು ಹಳಿಯಾಳಕ್ಕೆ ಹೊರಟಾಗ ತಾನೂ ಬರುತ್ತೇನೆಂದು ಹಟ ಹಿಡಿದಳು. ದುಡ್ಡಿನ ಮೇಲೆ ಕಣ್ಣಿಡಲು ಬರುತ್ತಾಳೆ ಎಂದು ದ್ಯಾಮಪ್ಪ ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದ.

ಹಳಿಯಾಳದ ಪೇಟೆಯಲ್ಲಿ ಬಂದೂಕು ಮಾರುವ, ರಿಪೇರಿ ಮಾಡುವ ಇಮಾಮಸಾಬನದು ಲಗಮಪ್ಪನ ಕಾಲದಿಂದ ಪರಿಚಯದ ಅಂಗಡಿ. ಅವನು ಹಳೆಯದರೊಳಗಿನ ಮದ್ದು, ಚರೆ ತೆಗೆದು ಮೇಜಿನ ಮೇಲಿಟ್ಟು ಒಳಗಿಂದ ಎರಡು ಹೊಸವು ತಂದ. ಒಂದು ಅಪ್ಪನ ಬಂದೂಕಿನ ತಮ್ಮನಂತಿತ್ತು, ಸಾದಾ ನಳಿಗೆ, ಬೆಲೆಯೂ ಹದ. ಇನ್ನೊಂದಕ್ಕೆ ಹಿತ್ತಾಳೆಯ ಕಟ್ಟು, ಅಕ್ರೋಟ ಮರದ ಹಿಡಿಕೆ. ಇದರ ನಳಿಗೆಯ ಒಳಮೈಗೆ ತಿರುಚಿದ ಗೀರುಗಳಿವೆ, ಚರೆಯ ಬದಲು ಒಂದೇ ಸೀಸದ ಗುಂಡು ಹಾಕುವುದು, ಅದು ಗಿರಗಿರನೆ ತಿರುಗುತ್ತ ನೇರ ಹೋಗುತ್ತದೆ, ಲೈಸೆನ್ಸಿನಲ್ಲಿ ಬರೆಸಿಕೊಂಡು ಬಂದರೆ ಕೊಡುತ್ತೇನೆ ಎಂದು ಇಮಾಮಸಾಬ ವಿವರಿಸಿದ. ಎಷ್ಟು ದೂರ ಹೋಗುತ್ತದೆಂದು ದ್ಯಾಮಪ್ಪ ಕೇಳಿದ. ನಿಮ್ಮ ಹೊಲ ದಾಟಿ ಪಕ್ಕದವರ ಹೊಲವನ್ನೂ ದಾಟೀತು ಎಂದ ಅವನು, ಹೆಮ್ಮೆಯಿಂದ. ಸಿದ್ದಕ್ಕ ಮನಸ್ಸಿನಲ್ಲೇ ಆ ದೂರ ಅಳೆದಳು. ಜ್ಯೋತಿಬಾನ ಹೊಲದ ಆಚೆ ದಾರಿಯಿದೆ, ದಾರಿಯ ಆಚೆ ಮನೆಗಳಿವೆ.

ದ್ಯಾಮಪ್ಪನ ಮುಖ ಮಾತ್ರ ಬೆಳಗಿತ್ತು. ಗೀರುನಳಿಗೆಯದನ್ನು ಎತ್ತಿ ಗುರಿ ಹಿಡಿದ. ಇಮಾಮಸಾಬ ಅವನನ್ನೇ ನೋಡುತ್ತ, ಎಡ ಹೆಗಲಿಗೆ ಯಾವಾಗಿನಿಂದ ಹಿಡಿಯುತ್ತೀರಿ ಎಂದು ಕೇಳಿದ. ಬಲ ಹೆಗಲು ನೋಯುತ್ತದೆ ಎಂದು ಇವನು ಮಾತು ತೇಲಿಸಿದ. ಬಲಗಣ್ಣಿಗೆ ಕಾಣದ್ದರಿಂದ ಹಾಗೆ ಎಂದು ಸಿದ್ದಕ್ಕನಿಗೆ ತಿಳಿಯಿತು. ದ್ಯಾಮಪ್ಪ, ಇದೇ ಇರಲಿ, ಚಹಾ ಕುಡಿದು ಬಂದು ಮಾತು ಮುಗಿಸೋಣ ಎಂದು ಎದುರಿನ ಹೋಟೆಲಿಗೆ ಹೋದ.

ಇಮಾಮಸಾಬ ಕೈ ಖಾಲಿ ಇರಬಾರದೆಂದು ಹಳೆಯ ಬಂದೂಕನ್ನು ಎಳೆದುಕೊಂಡ. ಕೇಪು ಕೂರುವ ಮೂತಿಯನ್ನು ತಿರುವಿ ಬಿಚ್ಚಿ, ತಂತಿ ಹಾಕಿ ಕೆದಕಿದ. ಕರಿಯ ಜೊತೆಗೆ ಮೇಣ ಬಂತು. ಮೇಣದೊಳಗೆ ಕುಂಕುಮದ ಕೆಂಪು ಇತ್ತು, ಸೂಜಿಯ ಮೊನೆಯೂ ಇತ್ತು. ಅವನು ಕನ್ನಡಕ ಮೇಲೆತ್ತಿ ಸಿದ್ದಕ್ಕನ ಹಣೆ ನೋಡಿದ. ಅವಳು ಸೆರಗು ಮುಂದಕ್ಕೆಳೆದುಕೊಂಡಳು.

"ಅಕ್ಕಾರ, ಈ ಬಂದೂಕಿಗೆ ಏನೂ ಆಗಿಲ್ಲ," ಎಂದ ಮೆಲ್ಲಗೆ. "ನೀವ ಹೇಳ್ತೀರೋ, ನಾ ಹೇಳ್ಲೋ?"

ಯಾರೂ ಹೇಳುವುದು ಬೇಡ, ಕಸ ಕೂತಿತ್ತು ಅನ್ನಿ ಎಂದು ಅವಳು ಕೈ ಮುಗಿದಳು. ಕಸವೆಂದರೆ ಇದನ್ನು ನಂಬದೆ ಅವರು ಹೊಸದನ್ನು ಒಯ್ಯುತ್ತಾರೆ, ಮನೆಯಲ್ಲಿ ನೀವು ಮತ್ತೆ ಮೇಣ ಹುಡುಕುತ್ತೀರಿ ಎಂದ ಇಮಾಮಸಾಬ.

ದ್ಯಾಮಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದ. ಇಮಾಮಸಾಬ ಮೂತಿಯನ್ನು ಮತ್ತೆ ತಿರುವಿ ಕೂರಿಸಿ ಹಳೆಯ ಬಂದೂಕನ್ನು ಹಿತ್ತಲಿಗೆ ಒಯ್ದ. ಖಾಲಿ ನಳಿಗೆಯ ಬಾಯಿಯನ್ನು ಒಂದು ಹುಲ್ಲಿನೆಸಳಿಗೆ ಹಿಡಿದು ಬರೀ ಕೇಪು ಸಿಡಿಸಿದ. ಹುಲ್ಲು ಗಾಳಿಗೆ ಸಿಕ್ಕಂತೆ ಬಾಗಿತು. ಕಿಡಿ ಇಳಿಯುವ ದಾರಿ ಸ್ವಚ್ಛವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ದ್ಯಾಮಪ್ಪ ತಬ್ಬಿಬ್ಬಾದ. ಹಾಗಾದರೆ ಅವತ್ತು ಯಾಕೆ ಹಾರಲಿಲ್ಲ ಎಂದು ಸಾಬನನ್ನು ಕೇಳಿದ.

"ಬಂದೂಕಿಂದ ತಪ್ಪಿಲ್ರಿ," ಎಂದಳು ಸಿದ್ದಕ್ಕ. "ತೂತಿನ್ಯಾಗ ಮೇಣ ತುಂಬಿದಾಕಿ ನಾನು. ಆ ಸಂಜಿ ನೀವು ಹೊಡದದ್ದು ಹಂದಿ ಅಲ್ಲ, ನನ್ನ ಕಂಬಳಿ. ನಾ ಅದರ ಬಾಜೂಕ ಬಗ್ಗಿ ಹುಲ್ಲ ಕಟ್ಟಾಕತ್ತಿದ್ನಿ."

ದ್ಯಾಮಪ್ಪ ಅವಳ ಕಡೆ ತಿರುಗಿದ. ಬೈಯುತ್ತಾನೆ, ಕೈಯೆತ್ತುತ್ತಾನೆ, ಎದ್ದು ಹೋಗುತ್ತಾನೆ ಎಂದು ಅವಳು ಎಲ್ಲಕ್ಕೂ ಸಿದ್ಧಳಾಗಿ ನಿಂತಿದ್ದಳು. ಅವನ ಕೈ ಮಾತ್ರ ಪಂಚೆಯ ಮೇಲಿನಿಂದ ತೊಡೆಯ ಗಾಯವನ್ನು ಸವರಿತು.

"ಹಂಗಾದ್ರ ಹಂದಿ ಮೈಮ್ಯಾಲ ಬಂದಾಗ ನನ್ನ ಕೈಯಾಗ ಇದ್ದದ್ದು ಬರೇ ಕೋಲು?" ಎಂದ.

"ಬಂದೂಕಿನ ಮುಂದ ಯಾರ ಬರ್ತಾರೋ ಅಂತ ಅಷ್ಟ ಅಂಜಿದ್ನಿ," ಎಂದಳು ಅವಳು. "ಹಿಂದ ನೀವು ನಿಂತಿರ್ತೀರಿ ಅನ್ನೂದು ನನ್ನ ತಲಿಗೆ ಹೊಳೀಲೇ ಇಲ್ಲ."

ಇಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಇಮಾಮಸಾಬ ಅಂಗಡಿಯೊಳಗೆ ಏನೋ ಕೆಲಸವಿದೆಯೆಂದು ಹಳೆಯ ಬಂದೂಕು ಹಿಡಿದು ಹೊರಟ. ದ್ಯಾಮಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟ. ಆಮೇಲೆ ಎದ್ದು ಒಳಗೆ ಹೋಗಿ ಎರಡೂ ಬಂದೂಕುಗಳನ್ನು, ತುಟ್ಟಿಯದನ್ನೂ ಅಪ್ಪನದನ್ನೂ, ಮೇಜಿನ ಆಚೆ ಕಡೆಗೆ ಸರಿಸಿದ. ಹಳೆಯದು ಸದ್ಯ ನಿಮ್ಮ ಕಪಾಟಿನಲ್ಲೇ ಇರಲಿ, ಚೀಟಿ ಬರೆದುಕೊಡಿ ಎಂದಷ್ಟೇ ಸಾಬನಿಗೆ ಹೇಳಿದ. ಹೊಸದರ ಮಾತು ಎತ್ತಲಿಲ್ಲ. ಹೆಂಡತಿ ಬರುತ್ತಾಳೋ ಎಂದು ತಿರುಗಿ ನೋಡದೆ ಬೀದಿಗಿಳಿದ.

ಬಸ್‌ಸ್ಟ್ಯಾಂಡಿನವರೆಗೆ ಅವನು ಮುಂದೆ, ಅವಳು ಹಿಂದೆ. ಬರಿಗೈಯಲ್ಲಿ ಊರಿಗೆ ಹೋಗಿ ಏನು ಹೇಳುತ್ತಾನೋ, ತನ್ನನ್ನು ಇನ್ನು ಮಾತಾಡಿಸುತ್ತಾನೋ ಇಲ್ಲವೋ ಎಂದು ಎಣಿಸುತ್ತ ಅವಳು ನಡೆದಳು. ಕಂಬದ ಪಕ್ಕ ಇಬ್ಬರೂ ನಿಂತರು, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಒಂದು ಬಸ್ಸು ತಿರುವಿನಲ್ಲಿ ಬಂತು. ಜನ ಎದ್ದು ನುಗ್ಗಿದರು. ದ್ಯಾಮಪ್ಪ ಕಣ್ಣು ಕಿರಿದು ಮಾಡಿ ಅದರ ಹಣೆಯ ಬೋರ್ಡನ್ನು ನೋಡಿದ, ಇನ್ನಷ್ಟು ಕಿರಿದು ಮಾಡಿ ನೋಡಿದ. ಆಮೇಲೆ ನಡುವಿನ ಜಾಗ ದಾಟಿ ಅವಳ ಪಕ್ಕಕ್ಕೆ ಬಂದು ನಿಂತ.

"ಇದ್ಯಾವ ಊರಿನ ಬಸ್ಸ ನೋಡು. ನನಗ ಕಾಣವಲ್ದು," ಎಂದ.

ಸಿದ್ದಕ್ಕ ಅಕ್ಷರ ಕೂಡಿಸಿ ಓದಿ, ಧಾರವಾಡದ್ದು, ನಮ್ಮದಲ್ಲ ಎಂದಳು.

"ಮುಂದ ಬರೂದನ್ನೂ ನೀನ ನೋಡಿ ಹೇಳು," ಎಂದ ದ್ಯಾಮಪ್ಪ.